ಉಳಿದರ್ಧ ಮಾತು

"ಒಳ್ಳೆಯ ರಸಪ್ರಶ್ನೆ ಸ್ಪರ್ಧೆ ಹೇಗಿರಬೇಕು, ಗುರುಗಳೇ?" ಎಂದು ಚನ್ನವೀರ ಕೇಳಿದ.

ಮಠದ ಪಾಠಶಾಲೆಯಲ್ಲಿ ಆ ವರ್ಷದ ಸ್ಪರ್ಧೆ ನಡೆಸುವ ಹೊಣೆ ಅವನ ಮೇಲೆ ಬಿದ್ದಿತ್ತು. ಹಿಂದಿನ ವರ್ಷ ನೋಡಲು ಬಂದವರು ಅರ್ಧಕ್ಕೇ ಎದ್ದು ಹೋಗಿದ್ದರು. ಈ ಸಲ ಪ್ರತಿ ತಂಡದ ಮುಂದೂ ಒಂದು ಗಂಟೆ ಇಡಬೇಕು, ಪ್ರಶ್ನೆ ಮುಗಿಯುವ ಮೊದಲೇ ಬಾರಿಸಿ ಉತ್ತರ ಹೇಳಿದವರಿಗೆ ಹೆಚ್ಚು ಅಂಕ ಕೊಡಬೇಕು ಎಂಬ ತನ್ನ ಯೋಚನೆಯನ್ನೂ ಹೇಳಿದ. ಗುರುಗಳು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯ ಪಂಡಿತನಿದ್ದ. ರೋಗಿಗಳನ್ನೂ ನೋಡುತ್ತಿದ್ದ, ಮನೆಯಲ್ಲೇ ವಿದ್ಯಾರ್ಥಿಗಳನ್ನಿಟ್ಟುಕೊಂಡು ಪಾಠವನ್ನೂ ಹೇಳುತ್ತಿದ್ದ. ವರ್ಷಕ್ಕೊಮ್ಮೆ ಊರವರ ಮುಂದೆ ಆ ವಿದ್ಯಾರ್ಥಿಗಳಿಗೆ ಸ್ಪರ್ಧೆ. ಪಂಡಿತ ರೋಗದ ಲಕ್ಷಣ ಹೇಳಬೇಕು, ಅವರು ಔಷಧ ಹೇಳಬೇಕು. ಮೊದಮೊದಲು ಅವರು ಪೂರ್ತಿ ಕೇಳಿ, ಯೋಚಿಸಿ, ನಿಧಾನವಾಗಿ ಉತ್ತರ ಕೊಡುತ್ತಿದ್ದರು. ನೋಡುವವರು ಆಕಳಿಸುತ್ತಿದ್ದರು. ಆ ಆಕಳಿಕೆ ಪಂಡಿತನಿಗೆ ಸಹಿಸಲಾಗಲಿಲ್ಲ. ಪಾಪ, ಅವನೂ ಮನುಷ್ಯನೇ. ಗಂಟೆಗಳನ್ನು ತರಿಸಿ ಇಟ್ಟ.

ಅಲ್ಲಿಂದ ಸಭೆಗೆ ಕಳೆ ಬಂತು. ಎಲ್ಲರಿಗಿಂತ ಬೇಗ ಗಂಟೆ ಬಾರಿಸುತ್ತಿದ್ದವನು ಒಬ್ಬ ಜಾಣ. ಪಂಡಿತ ಬಾಯಿ ತೆರೆದರೆ ಸಾಕು, ಮುಂದಿನ ಮಾತು ಅವನಿಗೆ ಗೊತ್ತಾಗುತ್ತಿತ್ತು. ಉತ್ತರ ಒಮ್ಮೆಯೂ ತಪ್ಪುತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಅದರಲ್ಲಿ ತನ್ನ ಪಾಲೂ ಇದೆಯೆಂದು ಪಂಡಿತನಿಗೆ ಒಳಗೊಳಗೇ ಹಿಗ್ಗು. ಪ್ರಶ್ನೆಯ ಕೊನೆಯಲ್ಲಿ ಏನಿಟ್ಟರೂ ಯಾರೂ ಕೇಳುವುದಿಲ್ಲವೆಂದ ಮೇಲೆ, ಅಲ್ಲಿ ಏನನ್ನಾದರೂ ಇಡುವುದನ್ನೇ ಅವನು ಬಿಟ್ಟ.

ವಯಸ್ಸಾಗುತ್ತ ಬಂದಾಗ ಪಂಡಿತ ರೋಗಿಗಳನ್ನು ಆ ಜಾಣನಿಗೇ ಒಪ್ಪಿಸಿ ಒಳಕೋಣೆಯಲ್ಲಿ ಮಲಗಿರುತ್ತಿದ್ದ. ಒಂದು ದಿನ ಮಗುವನ್ನೆತ್ತಿಕೊಂಡು ತಾಯಿಯೊಬ್ಬಳು ಬಂದಳು.

"ಮಗೀಗೆ ನಿನ್ನೆಯಿಂದ ಭೇದಿ ನಿಂತಿಲ್ಲ ಸ್ವಾಮಿ. ಇವತ್ತು ಬೆಳಿಗ್ಗೆ..." ಎನ್ನುತ್ತಿದ್ದಳು.

ಅಷ್ಟರಲ್ಲಿ ಜಾಣ ಔಷಧವನ್ನು ಅಳೆದು ಮಗುವಿಗೆ ಕುಡಿಸಿಯೂ ಆಗಿತ್ತು. ಔಷಧದ ಹೆಸರು, ಅಳತೆ ಹೇಳಿ, ದಿನಕ್ಕೆ ಒಂದೇ ಸಲ ಎಂದು ಎಚ್ಚರಿಸಿ, ಪಥ್ಯವನ್ನೂ ತಿಳಿಸಿ, ಸೀಸೆಯನ್ನು ಅವಳ ಕೈಗಿತ್ತ. ಒಳಗಿದ್ದ ಪಂಡಿತ ಎಲ್ಲವನ್ನೂ ಕೇಳಿಸಿಕೊಂಡ. ಭೇದಿಗೆ ಸರಿಯಾದ ಔಷಧ, ಸರಿಯಾದ ಅಳತೆ. ಭಲೇ ಎಂದುಕೊಂಡು ಮಗ್ಗಲು ಬದಲಿಸಿದ.

ಮಾರನೆಯ ದಿನ ಆಕೆ ಒಬ್ಬಳೇ ಬಂದಳು. ಜಗಲಿಯಲ್ಲಿ ಪಂಡಿತ ಕುಳಿತಿದ್ದ. ಸೀಸೆಯನ್ನು ಅವನ ಮುಂದಿಟ್ಟು, ಇನ್ಯಾವುದಾದರೂ ಮಗುವಿಗೆ ಆಗುತ್ತದೆ ಎಂದಳು. ಏನಾಯಿತೆಂದು ಅವನು ವಿಚಾರಿಸಿದ. ಹಿಂದಿನ ದಿನ ಬೆಳಿಗ್ಗೆ ಪಕ್ಕದೂರಿನ ವೈದ್ಯನೂ ಇದೇ ಔಷಧವನ್ನು ಕುಡಿಸಿದ್ದನಂತೆ. ಒಂದೇ ದಿನ ಎರಡು ಸಲ ಹೊಟ್ಟೆಗೆ ಬಿದ್ದರೆ ಆ ಔಷಧ ವಿಷ. ಸಂಜೆಯ ಹೊತ್ತಿಗೆ ಮಗು ಹೋಗಿತ್ತು.

"ಇದನ್ನು ನಿನ್ನೆಯೇ ಯಾಕೆ ಹೇಳಲಿಲ್ಲ ತಾಯಿ?" ಎಂದ ಪಂಡಿತ.

"ಹೇಳೋಕೇ ಬಾಯಿ ತೆಗ್ದಿದ್ದೆ ಸ್ವಾಮಿ. ಅವರು ಅರ್ಧ ಮಾತಿಗೇ ಎಲ್ಲಾ ತಿಳ್ಕೊಂಡ್ರು. ಓದಿದೋರಿಗೆ ಉಳಿದರ್ಧ ಬೇಕಾಗಲ್ಲ ಅಂದ್ಕೊಂಡು ಸುಮ್ಮನಾದೆ. ತಪ್ಪು ನಂದೇ."

ಆಕೆ ಬೈದಿದ್ದರೆ ಪಂಡಿತ ತಡೆದುಕೊಳ್ಳುತ್ತಿದ್ದ. ತಪ್ಪನ್ನು ತನ್ನ ತಲೆಯ ಮೇಲೇ ಹೊತ್ತುಕೊಂಡು ಮೆಟ್ಟಿಲಿಳಿದು ಹೋದಳಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಅವಳು ಕೊಟ್ಟು ಹೋದ ಸೀಸೆ ಬಹಳ ದಿನ ಅಲ್ಲೇ ಇತ್ತು. ಅದನ್ನು ಎತ್ತಿಡಲು ಅವನಿಗೆ ಕೈ ಬರಲಿಲ್ಲ.

ಆ ವರ್ಷವೂ ಸ್ಪರ್ಧೆಯ ದಿನ ಬಂತು. ಊರಿಗೆ ಊರೇ ಸೇರಿತ್ತು. ವಿದ್ಯಾರ್ಥಿಗಳು ಎಂದಿನಂತೆ ಗಂಟೆಗಳ ಮುಂದೆ ಕುಳಿತಿದ್ದರು. ಪಂಡಿತ ಕಷ್ಟಪಟ್ಟು ಎದ್ದು ನಿಂತ. ಗಂಟೆಗಳ ಕಡೆ ನೋಡಿದ. ಆಮೇಲೆ...

ಚನ್ನವೀರನಿಂದ ಸುಮ್ಮನೆ ಕೂರಲಾಗಲಿಲ್ಲ.

"ತಿಳಿಯಿತು ಗುರುಗಳೇ. ಗಂಟೆಗಳನ್ನು ತೆಗೆಸಿಬಿಟ್ಟ. ನಾನೂ ಇಡುವುದಿಲ್ಲ," ಎಂದ.

ಗುರುಗಳು ಮುಂದಿನ ಮಾತನ್ನು ಬಾಯಲ್ಲೇ ಉಳಿಸಿಕೊಂಡು ಅವನನ್ನು ನೋಡಿದರು.

"ಗಂಟೆ ಇಲ್ಲದೆಯೂ ಬಾರಿಸಿಬಿಟ್ಟೆಯಲ್ಲಪ್ಪ," ಎಂದರು.