ಒಂದೆಲಗದ ಶಾಸನ

ಹೊಳೆಯ ದಡದಲ್ಲಿ ನೀಲವ್ವತಾಯಿಯ ಆಶ್ರಮ. ನಾರುಬೇರಿನ ಮದ್ದು ಕೊಡುವ ಆ ಮುದುಕಿಯ ಬಳಿ ಸೋಮಲಿಂಗ ಹನ್ನೆರಡು ವರ್ಷದಿಂದ ಶಿಷ್ಯ.

ಆ ಬೇಸಿಗೆ ಊರೂರಿಗೆ ಮಿದುಳು ಜ್ವರ ಹಬ್ಬಿತು. ಕತ್ತು ಸೆಟೆಯುತ್ತಿತ್ತು, ಮಾತು ತೊದಲುತ್ತಿತ್ತು.

"ಒಳಗೆ ಮಿದುಳು ಬಾತಿದೆ" ಎಂದಳು ತಾಯಿ.

ಆಶ್ರಮಕ್ಕೆ ಹೊತ್ತು ತಂದ ಇಬ್ಬರು ಮಕ್ಕಳಿಗೆ ಸೋಮಲಿಂಗ ಒಂದೆಲಗದ ಎಲೆ ಜಜ್ಜಿ ರಸ ಕುಡಿಸಿದ. ಪಾಳೆಯಗಾರನ ಮಗ ಆರನೆಯ ದಿನ ಕಣ್ಣು ಬಿಟ್ಟು ಗಂಜಿ ಕೇಳಿದ.

ಪಾಳೆಯಗಾರ ತಾನೇ ಆಶ್ರಮಕ್ಕೆ ಬಂದ.

"ಶಾಸನ ಹಾಕಿಸುತ್ತೇನೆ. 'ಈ ಎಲೆ ಮಿದುಳು ಜ್ವರವನ್ನು ಗೆದ್ದಿತು, ನಮ್ಮ ಸೀಮೆಗೆ ಇನ್ನು ಆ ಭಯವಿಲ್ಲ.' ಕೆಳಗೆ ನಿಮ್ಮಿಬ್ಬರ ಹೆಸರು."

ಸೋಮಲಿಂಗನ ಎದೆ ಉಬ್ಬಿತು. ತಾಯಿಯತ್ತ ನೋಡಿದ.

"ಕುಂಬಾರ ಹನುಮನ ಮಗಳು ತುಂಗಿಗೆ ಏನು ಕುಡಿಸಿದೆ?" ಎಂದಳು ಅವಳು.

"ಅದೇ ರಸ, ತಾಯಿ."

"ಎಷ್ಟು ದಿನ?"

"ಅಷ್ಟೇ ದಿನ."

"ಈಗೆಲ್ಲಿದ್ದಾಳೆ?"

ತುಂಗಿಯನ್ನು ಹೂತ ಗುಂಡಿಗೆ ಸೋಮಲಿಂಗನೂ ಒಂದು ಹಿಡಿ ಮಣ್ಣು ಹಾಕಿ ಬಂದಿದ್ದ.

"ಕುಂಬಾರರ ಹುಡುಗಿಯ ಮಾತು ಈಗೇಕೆ?" ಪಾಳೆಯಗಾರ ಸಿಡುಕಿದ. "ಜನಕ್ಕೆ ಧೈರ್ಯ ಬೇಕು. ಹೂಂ ಅನ್ನಿ, ಸಾಕು."

ತಾಯಿ ಶಿಷ್ಯನನ್ನೇ ನೋಡುತ್ತ ಕೂತಳು.

ತುಂಗಿಯ ಬಿಗಿದ ಕತ್ತು ಇನ್ನೂ ತನ್ನ ಅಂಗೈಯಲ್ಲೇ ಇದ್ದಂತಾಯಿತು ಸೋಮಲಿಂಗನಿಗೆ. ಎದ್ದು ನಿಂತ.

"ದೊರೆ, ಹಾಕಿಸುವುದಾದರೆ ಹೀಗೆ ಹಾಕಿಸಿ. ಇಬ್ಬರಿಗೆ ಕೊಟ್ಟೆ. ನಿಮ್ಮ ಮಗ ಎದ್ದ, ತುಂಗಿ ಏಳಲಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಯಾರಾದರೂ ಕಲ್ಲಲ್ಲಿ ಕೆತ್ತಿಸುತ್ತಾರೇನೋ?"

"ಗೊತ್ತಿದೆ ಅಂತ ಕೆತ್ತಿಸಿದರೆ, ಅದನ್ನು ನಂಬಿ ಇನ್ನೊಬ್ಬ ತಂದೆ ಬೇರೆ ಮದ್ದು ಹುಡುಕದೆ ಕೂತುಬಿಡುತ್ತಾನೆ. ನನ್ನ ಹೆಸರು ಬೇಡ."

"ಈ ದಡ ನನ್ನದು" ಎಂದ ಪಾಳೆಯಗಾರ. "ಹೊತ್ತು ಮುಳುಗುವುದರೊಳಗೆ ಜಾಗ ಖಾಲಿ ಮಾಡಿ."

"ಆಗಲಿ" ಎಂದ ಸೋಮಲಿಂಗ.

ಪಾಳೆಯಗಾರನ ಕುದುರೆ ಹೋದ ಮೇಲೆ ಸೋಮಲಿಂಗ ತಿರುಗಿ ನೋಡಿದ. ತಾಯಿ ಆಗಲೇ ಬೇರುಗಳ ಗಂಟು ಕಟ್ಟುತ್ತಿದ್ದಳು.

"ನನ್ನ ಒಂದು ಮಾತಿಗೆ ನಿಮ್ಮ ಆಶ್ರಮ ಹೋಯಿತು, ತಾಯಿ. ಆ ಎಲೆ ಮದ್ದು ಹೌದೋ ಅಲ್ಲವೋ, ಅದೂ ತಿಳಿಯಲಿಲ್ಲ."

ನೀಲವ್ವತಾಯಿ ಗಂಟನ್ನು ತಲೆಗೇರಿಸಿ, ಸೀರೆ ಎತ್ತಿಕಟ್ಟಿ ನೀರಿಗಿಳಿದಳು.

"ಆಚೆ ದಡದಲ್ಲೂ ಜ್ವರ ಇದೆ, ಎಲೆಯೂ ಇದೆ. ನಡಿ, ಗೊತ್ತಿಲ್ಲ ಅನ್ನುವವರಿಗೆ ಅಲ್ಲಿ ಬೇಕಾದಷ್ಟು ಕೆಲಸ ಉಂಟು."