ದ್ವಾರಪಾಲಕನ ಒಂದು ಸಾಲು

"ಗುರುಗಳೇ, ನನ್ನ ಪಾಲಿಗೆ ಬಂದದ್ದು ತೀರ ಸಣ್ಣ ಕೆಲಸ. ಅದನ್ನು ಎಷ್ಟು ಚೆನ್ನಾಗಿ ಕಲಿತರೂ ಯಾರ ಗಮನಕ್ಕೂ ಬರುವುದಿಲ್ಲ. ಹಾಗಿರುವಾಗ ಅದಕ್ಕೆ ಇಷ್ಟೊಂದು ಶ್ರಮವೇಕೆ?" ಎಂದು ಶಿಷ್ಯ ವೃಷಭಯ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಆ ಊರಿನವರು ವರ್ಷಕ್ಕೊಮ್ಮೆ ಪಕ್ಕದ ಕಲ್ಲುಬೆಟ್ಟದ ನೆತ್ತಿಯಲ್ಲಿ ನಾಟಕ ಆಡುತ್ತಿದ್ದರು. ಅವರಲ್ಲಿ ವೃತ್ತಿಯ ನಟರು ಯಾರೂ ಇರಲಿಲ್ಲ. ನೇಯುವವರು, ಮಾರುವವರು, ಮಡಕೆ ಮಾಡುವವರು, ಹೀಗೆ ಹನ್ನೆರಡು ಮಂದಿ ಸೇರಿ ಆಡುತ್ತಿದ್ದರು. ನೋಡುವವರು ಬೆಟ್ಟದ ಹಿಂದಿನ ಮೆಟ್ಟಿಲುಗಳಿಂದ ಹೋಗಬಹುದು. ಆಡುವವರು ಮಾತ್ರ ಮುಂದಿನ ಬೋಳು ಬಂಡೆಯನ್ನೇ ಹತ್ತಬೇಕು. ಹನ್ನೆರಡು ಮಂದಿಯಲ್ಲಿ ಒಬ್ಬರು ಹಿಂತಿರುಗಿದರೂ ಆ ವರ್ಷ ನಾಟಕವಿಲ್ಲ. ನೆತ್ತಿಯಲ್ಲಿ ನೀರಿಲ್ಲದ ಕಾರಣ ಬಣ್ಣವನ್ನು ಬುಡದಲ್ಲೇ ಹಚ್ಚಿಕೊಂಡು ಹೊರಡುತ್ತಿದ್ದರು.

ದರ್ಜಿ ಏಳು ವರ್ಷ ಪರದೆ ಎಳೆದಿದ್ದ. ಎಂಟನೆಯ ವರ್ಷ ಅವನಿಗೆ ದ್ವಾರಪಾಲಕನ ಪಾತ್ರ ಸಿಕ್ಕಿತು. ಮಾತು ಒಂದೇ ಸಾಲು: "ರಾಜಾಧಿರಾಜರು ಬಿಜಯಂಗೈಯುತ್ತಿದ್ದಾರೆ, ಪರಾಕು." ಆಮೇಲೆ ಈಟಿ ಹಿಡಿದು ಸುಮ್ಮನೆ ನಿಲ್ಲಬೇಕು. ಆ ಒಂದು ಸಾಲನ್ನು ಊರೆಲ್ಲ ಕೇಳಬೇಕೆಂಬುದೇ ಅವನ ಆಸೆ. ನಲವತ್ತು ದಿನ ಸೂಜಿಗೆ ದಾರ ಪೋಣಿಸುವಾಗಲೂ ಅದನ್ನೇ ಹೇಳಿಕೊಂಡ.

"ದರ್ಜಿಯಪ್ಪ, ರಾಜಾಧಿರಾಜರು ಬಂದರೆ ಬರಲಿ. ನನ್ನ ರವಿಕೆ ಯಾವಾಗ ಬರುತ್ತದೆ?" ಎಂದು ಒಬ್ಬಾಕೆ ಅಂಗಡಿಯ ಮುಂದೆ ನಿಂತು ಕೇಳಿದಳು.

"ನಾಳೆ ಬಿಜಯಂಗೈಯುತ್ತದೆ, ತಾಯಿ," ಎಂದ ದರ್ಜಿ. ಮರುದಿನ ಹೇಳಿದ ಹೊತ್ತಿಗೆ ಕೊಟ್ಟ.

ರಾಜನ ಪಾತ್ರ ಒಬ್ಬ ಜವಳಿ ವ್ಯಾಪಾರಿಯದು. ಅವನಿಗೆ ಮುನ್ನೂರು ಸಾಲು ಬಾಯಿಪಾಠವಾಗಿತ್ತು. ಪ್ರವೇಶ ಮಾತ್ರ ತಪ್ಪುತ್ತಿತ್ತು. ಒಂದು ದಿನ ಬೇಗ ಬರುವನು, ಇನ್ನೊಂದು ದಿನ ಎಡಗಾಲಿಟ್ಟು ಬರುವನು. ನಾಟಕ ಕಲಿಸುವ ಮೇಷ್ಟ್ರು ಅಂಥದ್ದನ್ನು ಸಹಿಸುವವರಲ್ಲ. ಪರಾಕು ಎಂದ ಕೂಡಲೇ ಬಲಗಾಲು ಮುಂದೆ ಬರಬೇಕೆಂದು ದಿನಕ್ಕೆ ಇಪ್ಪತ್ತು ಸಲ ಮಾಡಿಸಿದರು. ಇಪ್ಪತ್ತು ಸಲವೂ ದರ್ಜಿ ತನ್ನ ಸಾಲನ್ನು ತುಂಬುಕಂಠದಲ್ಲಿ ಹೇಳಿದ. ಒಮ್ಮೆಯೂ ಗೊಣಗಲಿಲ್ಲ.

ನಾಟಕದ ದಿನ ಹನ್ನೆರಡು ಮಂದಿ ಬಂಡೆ ಹತ್ತತೊಡಗಿದರು. ಬಂಡೆಯಲ್ಲಿ ಕಾಲ್ಬೆರಳು ಊರುವಷ್ಟೇ ಗುಳಿಗಳಿದ್ದವು. ಅರ್ಧ ಏರಿದ ವ್ಯಾಪಾರಿ ಕೆಳಗೆ ನೋಡಿದ. ನೋಡಿದ್ದೇ ತಡ, ಬಂಡೆಗೆ ಅಂಟಿಕೊಂಡು ನಿಂತುಬಿಟ್ಟ. ಕೆಳಗಿದ್ದವರು ಧೈರ್ಯ ಹೇಳಿದರು. ಮೇಲಿದ್ದವರು ಕೈ ಚಾಚಿದರು. ಅವನು ಕದಲಲಿಲ್ಲ.

"ನನ್ನಿಂದಾಗದು, ದರ್ಜಿ. ಹೇಗಾದರೂ ಮಾಡಿ ನನ್ನನ್ನು ಕೆಳಗಿಳಿಸು," ಎಂದ.

ದರ್ಜಿ ಅವನಿಗಿಂತ ಒಂದು ಗುಳಿ ಮೇಲಿದ್ದ. ಎಂಟು ವರ್ಷಕ್ಕೆ ಸಿಕ್ಕಿದ ಸಾಲು ಕೈತಪ್ಪಿತು ಅನ್ನಿಸಿತು. ಆದರೆ ವ್ಯಾಪಾರಿಯ ಕಾಲ್ಬೆರಳು ಗುಳಿಯ ಅಂಚಿನಲ್ಲಿರುವುದನ್ನು ಕಂಡಾಗ ಬೇರೆ ಯೋಚನೆ ಬಂತು. ಇಳಿಯಹೋದರೆ ಇವನು ಬಿದ್ದೇ ಬೀಳುತ್ತಾನೆ. ಹಾಗೆಂದುಕೊಂಡು ದರ್ಜಿ ಮೆಲ್ಲನೆ "ಪರಾಕು" ಎಂದ. ಏನೂ ಆಗಲಿಲ್ಲ. ಉಸಿರು ತುಂಬಿಕೊಂಡು, ರಂಗದ ಮೇಲೆ ನಿಂತವನಂತೆ, ಇಡೀ ಸಾಲನ್ನು ಹೇಳಿದ. "ರಾಜಾಧಿರಾಜರು ಬಿಜಯಂಗೈಯುತ್ತಿದ್ದಾರೆ, ಪರಾಕು."

ವ್ಯಾಪಾರಿಯ ಬಲಗಾಲು ತಾನಾಗಿಯೇ ಎದ್ದು ಮೇಲಿನ ಗುಳಿಗೆ ಹೋಯಿತು. ಎಡಗಾಲು ಅದರ ಹಿಂದೆ ಬಂತು.

ಗಾಳಿ ಜೋರಾಗಿತ್ತು. ದನಿ ತಗ್ಗಿದರೆ ಕಾಲು ಏಳುತ್ತಿರಲಿಲ್ಲ. ದರ್ಜಿ ಒಂದೊಂದು ಗುಳಿಗೂ ಇಡೀ ಸಾಲನ್ನು ತುಂಬುಕಂಠದಲ್ಲಿ ಹೇಳುತ್ತ ಹತ್ತಿದ. ಒಂದು ಅಕ್ಷರವನ್ನೂ ನುಂಗಲಿಲ್ಲ. ನೆತ್ತಿಗೆ ಇನ್ನೂ ಎಪ್ಪತ್ತು ಗುಳಿ ಹತ್ತುವುದಿತ್ತು. ಐವತ್ತನೆಯದಕ್ಕೆ ಗಂಟಲು ಒಡೆಯಿತು. ಇನ್ನೂ ಕೂಗಿದರೆ ರಂಗದ ಮೇಲೆ ದನಿ ಉಳಿಯುವುದಿಲ್ಲ ಎಂದು ಅವನಿಗೆ ತಿಳಿಯಿತು. ಉಳಿದ ಇಪ್ಪತ್ತಕ್ಕೂ ಕೂಗಿದ.

ಹನ್ನೆರಡು ಮಂದಿಯೂ ನೆತ್ತಿ ತಲುಪಿದರು. ಹಿಂದಿನ ಮೆಟ್ಟಿಲಿಂದ ಬಂದ ಊರವರಿಗೆ ನಡೆದದ್ದೇನೂ ಗೊತ್ತಿರಲಿಲ್ಲ. ಪರದೆ ಸರಿಯಿತು. ದರ್ಜಿ ಈಟಿಯನ್ನು ನೆಟ್ಟಗೆ ಹಿಡಿದು ನಿಂತು ಬಾಯಿ ತೆರೆದ. ತುಟಿ ಆಡಿತು, ದನಿ ಹೊರಡಲಿಲ್ಲ. ಪಕ್ಕದ ಮರೆಯಲ್ಲಿದ್ದ ವ್ಯಾಪಾರಿ ಅವನ ತುಟಿಯನ್ನೇ ನೋಡುತ್ತಿದ್ದ. ಸಾಲು ಮುಗಿದ ಗಳಿಗೆಗೆ ಸರಿಯಾಗಿ ಬಲಗಾಲಿಟ್ಟು ಪ್ರವೇಶಿಸಿದ. ಮುನ್ನೂರು ಸಾಲನ್ನೂ ತಪ್ಪಿಲ್ಲದೆ ಹೇಳಿದ. ಜನ ರಾಜನನ್ನು ಕೊಂಡಾಡುತ್ತ ಮನೆಗೆ ಹೋದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಪಾಪ, ನಲವತ್ತು ದಿನ ಕಲಿತ ಸಾಲನ್ನು ಕೊನೆಗೂ ಯಾರೂ ಕೇಳಲಿಲ್ಲ," ಎಂದ ವೃಷಭಯ್ಯ.

"ಕಾಲು ಕೇಳಿತು," ಎಂದರು ಗುರುಗಳು.