ಫಕೀರವ್ವ ತಡೆದ ಇಪ್ಪತ್ತೊಂದನೇ ಪೆಟ್ಟು

ಬಹಳ ಹಿಂದೆ, ಯಾವ ರಾಜನ ಕಾಲ ಅಂತ ನನ್ನ ಅಜ್ಜಿಗೂ ಗೊತ್ತಿರಲಿಲ್ಲ, ಅವಳ ಅಜ್ಜಿಗೂ ಗೊತ್ತಿರಲಿಲ್ಲ, ಅಷ್ಟು ಹಿಂದೆ, ನಮ್ಮ ಈ ಅಗಸೆಹಾಳಕ್ಕೆ ಸುತ್ತಲೂ ಕೋಟೆಗೋಡೆ ಇತ್ತು. ಒಳಗೆ ಬರಲು, ಹೊರಗೆ ಹೋಗಲು ಒಂದೇ ಬಾಗಿಲು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ದೊಡ್ಡ ಗಂಟೆ. ಹೌದು, ಈಗ ಬಸ್ ನಿಲ್ದಾಣದ ಮುಂದೆ ಕಾಣುತ್ತಲ್ಲ, ಇದೇ ಗಂಟೆ.

ಆಗ ಬಯಲಿನಲ್ಲಿ ಕುದುರೆ ಮೇಲೆ ಬಂದು ಲೂಟಿ ಮಾಡುವವರಿದ್ದರಂತೆ. ಅದಕ್ಕೇ ಹೊತ್ತು ಮುಳುಗುವಾಗ ಗಂಟೆಗೆ ಇಪ್ಪತ್ತೊಂದು ಪೆಟ್ಟು. ಇಪ್ಪತ್ತೊಂದನೇದು ಬಿದ್ದ ಕೂಡಲೇ ಕಾವಲಿನವರು ಬಾಗಿಲು ದೂಡಿ ಮುಚ್ಚಬೇಕು. ಅದಕ್ಕಿಂತ ಮೊದಲು ದೂಡುವ ಹಾಗಿಲ್ಲ, ದೂಡಿದ ಮೇಲೆ ಬೆಳಗಾಗುವ ತನಕ ತೆರೆಯುವ ಹಾಗಿಲ್ಲ. ಹೊರಗೆ ಉಳಿದವರು ಹೊರಗೇ. ಕಾವಲಿನ ನಾಯಕನ ಒಡಹುಟ್ಟಿದ ತಮ್ಮನೇ ಒಂದು ಸಂಜೆ ತಡಮಾಡಿ ಹೊರಗುಳಿದು ಸತ್ತನಂತೆ. ಆವತ್ತೂ ಬಾಗಿಲು ತೆರೆಯಲಿಲ್ಲವಂತೆ.

ಗಂಟೆ ಬಾರಿಸುತ್ತಿದ್ದವಳು ಫಕೀರವ್ವ. ಮೊದಲು ಅವಳ ಗಂಡ ಬಾರಿಸುತ್ತಿದ್ದ, ಅವನು ಹೋದ ಮೇಲೆ ಹಗ್ಗ ಇವಳ ಕೈಗೆ ಬಂತು. ಸಣ್ಣ ಆಳು. ಮಾತು ಕಡಿಮೆ. ಸಂಜೆ ಬೆಳಕಿನಲ್ಲಿ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲವಂತೆ. ಹಾಗಾಗಿ ಅವಳದೇ ಒಂದು ಲೆಕ್ಕ ಇತ್ತು. ಯಾರು ಹೊರಗೆ ಹೋದರೂ ಉಡಿಯಿಂದ ಒಂದು ಹುರಿಗಡಲೆ ತೆಗೆದು ಸೋರೆಬುರುಡೆಗೆ ಹಾಕುವಳು. ಅವರು ತಿರುಗಿ ಬಂದಾಗ ಬುರುಡೆಯಿಂದ ಒಂದು ಕಾಳು ತೆಗೆದು ಅವರ ಕೈಗೇ ಕೊಡುವಳು. ಬಂದವರು ಅದನ್ನು ಬಾಯಿಗೆ ಹಾಕಿಕೊಂಡು ಮನೆಗೆ ಹೋಗುವರು. ಬುರುಡೆ ಖಾಲಿಯಾದರೆ ಊರು ತುಂಬಿತು ಅಂತ ಲೆಕ್ಕ. ತಡವಾದವರಿದ್ದರೆ ಪೆಟ್ಟಿಗೂ ಪೆಟ್ಟಿಗೂ ನಡುವೆ ಸ್ವಲ್ಪ ಉಸಿರು ಎಳೆಯುವಳಂತೆ. ನಾಯಕನಿಗೆ ಗೊತ್ತಾಗದಷ್ಟು.

ಹತ್ತಿ ಬಿಡಿಸುವ ಕಾಲ. ತುಂಬು ಬಸುರಿ ನಿಂಬೆವ್ವನೂ ಹೊಲಕ್ಕೆ ಹೋಗಿದ್ದಳು. ಬೇಡ ಅಂದರೆ ಕೇಳುವ ಹೆಂಗಸಲ್ಲ. ಮಧ್ಯಾಹ್ನ ಅಲ್ಲೇ ನೋವು ಬಂತು. ಸೂಲಗಿತ್ತಿ ತಿಪ್ಪವ್ವನಿಗೆ ಹೇಳಿಕಳಿಸಿದರು. ತಿಪ್ಪವ್ವ ಮೊಣಕಾಲು ಹಿಡಿದುಕೊಂಡು, ದಾರಿಯುದ್ದಕ್ಕೂ ಬೈಯುತ್ತಾ ಹೋದಳು. ಬುರುಡೆಗೆ ಒಂದು ಕಾಳು ಬಿತ್ತು.

ಹೊತ್ತು ಇಳಿಯುವಾಗ ಹೆಂಗಸರು ನಿಂಬೆವ್ವನನ್ನು ಬಂಡಿಯಲ್ಲಿ, ಹತ್ತಿ ಗಂಟಿನ ಮೇಲೆ ಮಲಗಿಸಿಕೊಂಡು ಬಂದರು. ಮಡಿಲಲ್ಲಿ ಕೆಂಪು ಕೂಸು. ಮಕ್ಕಳಿಲ್ಲದ ಫಕೀರವ್ವನಿಗೆ ಹಿಗ್ಗೋ ಹಿಗ್ಗು. ನಿಂಬೆವ್ವನ ಕೈಗೆ ಒಂದು ಕಾಳು ಕೊಟ್ಟಳು. ಆಮೇಲೆ ಇನ್ನೊಂದು ಕೊಟ್ಟಳು.

"ಇದು ಕೂಸಿಂದು. ಅದಕ್ಕ ಹಲ್ಲಿಲ್ಲ, ನೀನ ತಿನ್ನವ್ವಾ."

ಎಲ್ಲರೂ ನಕ್ಕರು. ಹೋಗುವಾಗ ಆ ಕೂಸಿಗೆ ಕಾಳು ಹಾಕಿರಲಿಲ್ಲ ಅನ್ನೋದು ಆ ಹಿಗ್ಗಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಬುರುಡೆ ಖಾಲಿಯಾಯಿತು. ಫಕೀರವ್ವ ಹಗ್ಗ ಹಿಡಿದಳು. ಒಂದು, ಎರಡು, ಹತ್ತು, ಹದಿನೈದು. ಇಪ್ಪತ್ತನೇದು ಬಿದ್ದಾಗ ನಿಂಬೆವ್ವನ ಅತ್ತೆ ಓಡಿ ಬಂದು ಕೇಳಿದಳು:

"ಯವ್ವಾ, ತಿಪ್ಪವ್ವ ಎಲ್ಲಿ? ಕೂಸಿಗೆ ನೀರ ಹಾಕಬೇಕಲ್ಲ!"

ತಿಪ್ಪವ್ವ ಬಂದಿರಲಿಲ್ಲ. ನಾಯಿ ಕೆದರದ ಹಾಗೆ ಹೆರಿಗೆಯ ಮಾಸು ಆಳಕ್ಕೆ ಹೂತು ಬರುತ್ತೇನೆ, ನೀವು ನಡೀರಿ ಅಂದಿದ್ದಳಂತೆ. ಆ ಮೊಣಕಾಲಿನಲ್ಲಿ.

ಫಕೀರವ್ವ ಹಗ್ಗ ಬಿಟ್ಟಳು.

ಬಯಲಿನ ಆಚೆ ಧೂಳು ಏಳುತ್ತಿತ್ತಂತೆ. ಲೂಟಿಯವರೇ ಅಂತ ಕೆಲವರು ಹೇಳುತ್ತಾರೆ. ಬರೀ ಸುಂಟರಗಾಳಿ ಅಂತ ಕೆಲವರು. ನಾಯಕ ಗೋಡೆ ಮೇಲಿಂದ ಕೂಗಿದ: "ಏ ಮುದುಕಿ, ಕೈ ಬಿದ್ದಾವೇನು? ಹೊಡಿ!"

"ತಿಪ್ಪವ್ವ ಹೊರಗದಾಳ್ರಿ. ತಪ್ಪು ನಂದು. ಆಕಿ ಕಾಳು ನಾ ಕೂಸಿಗೆ ಕೊಟ್ಟಬಿಟ್ಟೀನಿ."

"ನನ್ನ ತಮ್ಮಗ ತೆರೀದ ಬಾಗಲಾ ಸೂಲಗಿತ್ತಿಗೆ ತೆರೀಬೇಕೇನು?"

"ತೆರೀರಿ ಅನ್ನಂಗಿಲ್ರಿ. ಬಾಗಲಾ ಇನ್ನೂ ಹಾಕೇ ಇಲ್ಲಲ್ಲ," ಅಂದಳಂತೆ ಫಕೀರವ್ವ.

ನಾಯಕ ತಾನೇ ಹೊಡೆಯಲು ಇಳಿದು ಬಂದ. ಅಷ್ಟರಲ್ಲಿ ಅವಳು ಗಂಟೆಯ ಕೆಳಗೆ ನುಗ್ಗಿ, ಅದರ ನಾಲಿಗೆಯನ್ನು ಎರಡೂ ಕೈಯಿಂದ ತಬ್ಬಿ ನಿಂತುಬಿಟ್ಟಿದ್ದಳು. ಸೊಂಟದಿಂದ ಮೇಲೆ ಏನೂ ಕಾಣಿಸುತ್ತಿರಲಿಲ್ಲವಂತೆ. ಒಳಗಿಂದ ಮಾತು ಮಾತ್ರ ಬಂತು: "ಹೊಡೀಬೇಕಂದ್ರ ನನ್ನೂ ಸೇರಿಸಿ ಹೊಡೀರಿ."

ನಾಯಕ ಹಗ್ಗಕ್ಕೆ ಎತ್ತಿದ ಕೈ ಅಲ್ಲೇ ನಿಂತಿತು. ಕಾವಲಿನವರು ಬಾಗಿಲಿಗೆ ಭುಜ ಕೊಟ್ಟು ನಿಂತಿದ್ದರು, ಪೆಟ್ಟು ಬೀಳದೆ ದೂಡುವ ಹಾಗಿಲ್ಲ. ಊರೊಳಗೆ ಜನ ಇಪ್ಪತ್ತು ಎಣಿಸಿ ಇಪ್ಪತ್ತೊಂದಕ್ಕೆ ಕಿವಿಗೊಟ್ಟು ಕೂತವರು, ಅದು ಬಾರದೇ ಇದ್ದದ್ದಕ್ಕೆ ಗಾಬರಿಯಾಗಿ, ಕೈಗೆ ಸಿಕ್ಕ ಕೋಲು, ಕುಡುಗೋಲು ಹಿಡಿದು ಬಾಗಿಲಿಗೆ ಬಂದರು. ತೆರೆದ ಬಾಗಿಲಲ್ಲಿ ಇಡೀ ಊರೇ ನಿಂತಿತು. ಅದನ್ನು ನೋಡಿಯೇ ಧೂಳು ತಿರುಗಿ ಹೋಯಿತಂತೆ. ಸೂರ್ಯನೂ ಗುಡ್ಡದ ಮೇಲೆ ಒಂದು ಗೇಣು ಎತ್ತರದಲ್ಲಿ ಕಾದು ನಿಂತನಂತೆ. ಸೂರ್ಯನ ಮಾತು ನನಗೆ ಗೊತ್ತಿಲ್ಲ. ಜನ ನಿಂತದ್ದು ಮಾತ್ರ ನಿಜ ಅನ್ನುತ್ತಿದ್ದಳು ನನ್ನ ಅಜ್ಜಿ.

ಕೊನೆಗೆ ತಿಪ್ಪವ್ವ ಕುಂಟುತ್ತಾ ಬಂದಳು. ಕೋಲು ಹಿಡಿದ ಊರನ್ನೆಲ್ಲ ನೋಡಿ, "ಏನ್ರೋ, ನಾ ಏನ ಕದ್ದೀನಿ?" ಅಂದಳಂತೆ. ಒಳಗೆ ಕಾಲಿಟ್ಟವಳೇ ಕೈ ಚಾಚಿದಳು: "ಫಕೀರಿ, ನನ್ನ ಕಾಳು ಎಲ್ಲೇ?"

"ನಿಂಬೆವ್ವ ತಿಂದಾಳ."

ಅಳುತ್ತಿದ್ದವರೂ ನಕ್ಕುಬಿಟ್ಟರಂತೆ. ಮುಖ ಆಚೆ ತಿರುಗಿಸಿ ನಿಂತಿದ್ದ ನಾಯಕ ಮೆಲ್ಲಗೆ, "ಈಗರ ಹೊಡಿ, ಯವ್ವಾ," ಅಂದನಂತೆ. ಮೊದಲ ಸಲ ಅವಳನ್ನು ಯವ್ವಾ ಅಂದದ್ದು. ಇಪ್ಪತ್ತೊಂದನೇ ಪೆಟ್ಟು ಬಿತ್ತು.

ತಿಪ್ಪವ್ವ ಆಮೇಲೆ ಇಪ್ಪತ್ತು ವರ್ಷ ಬದುಕಿದಳಂತೆ. ಅವಳ ಕೈಯಲ್ಲಿ ಹುಟ್ಟಿದವರ ವಂಶದವರೇ ನಾವೆಲ್ಲ. ಆ ಸಂಜೆ ಬಾಗಿಲು ಮುಚ್ಚಿದ್ದರೆ ಇಲ್ಲಿ ಕೂತು ಕೇಳುತ್ತಿರುವವರಲ್ಲಿ ಎಷ್ಟು ಜನ ಇರುತ್ತಿದ್ದಿರೋ, ನಾನಾದರೂ ಇರುತ್ತಿದ್ದೆನೋ ಇಲ್ಲವೋ.

ಈಗ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಆದರೆ ಸಂಜೆ ಗಂಟೆ ಬಾರಿಸುವವರು ಇಪ್ಪತ್ತು ಹೊಡೆದು ಕೈ ನಿಲ್ಲಿಸುತ್ತಾರೆ. "ಎಲ್ಲಾರೂ ಬಂದ್ರೇನು?" ಅಂತ ಕೂಗುತ್ತಾರೆ. ಯಾವುದಾದರೂ ಮನೆಯಿಂದ "ಇಲ್ರೀ, ನಮ್ಮಾಕಿ ಬಂದಿಲ್ಲ" ಅಂದರೆ ಮುಗಿಯಿತು, ಕಾಯುವುದೇ. ಬಜಾರಿನಲ್ಲಿ ಯಾರೂ ಅಂಗಡಿ ಮುಚ್ಚುವುದಿಲ್ಲ. ಗೊಣಗುತ್ತಾರೆ, ಬೈಯುತ್ತಾರೆ, ಆದರೆ ಮುಚ್ಚುವುದಿಲ್ಲ. ತಡವಾಗಿ ಬಂದವಳು ದೂರದ ರಸ್ತೆಯಿಂದಲೇ "ಬಂದೆ, ಹೊಡೀರಿ!" ಅಂತ ಕೂಗುತ್ತಾಳೆ.

ಆಮೇಲೆ ಆ ಒಂದು ಪೆಟ್ಟು.